ಪಕ್ಕದ ಮನೆಯ ತೋಟಾ, ನಮ್ಮ ಒಲೆಯ ಮೇಣ

ಹಿಮ್ಮಡಿ ಒಡೆದು ನಡೆಯಲಾಗುತ್ತಿಲ್ಲ ಎಂದಿದ್ದಕ್ಕೆ ಸೊಸೆ ಇವತ್ತು ಎಣ್ಣೆಗೆ ಜೇನುಮೇಣ ಹಾಕಿ ಕಾಯಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಅಕ್ಕ ನೆನಪಾದಳು. ಜೊತೆಗೆ ಹಳೆಯ ಹೊಟ್ಟೆಕಿಚ್ಚೂ...

ಎಪ್ಪತ್ತರ ದಶಕದ ಕೊನೆ. ಲಿಂಗದಹಳ್ಳಿಯಲ್ಲಿ ನಮ್ಮ ಗದ್ದೆಗಳಿಗೆ ವಿಪರೀತ ಹಂದಿ ಕಾಟ. ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಲೈಸೆನ್ಸ್ ಕೋವಿ ಇತ್ತು. ಹೊಸ ತೋಟಾ ಸಿಗುವುದೇ ಕಷ್ಟ. ಹಾಗಾಗಿ ಹಾರಿಸಿದ ಹಿತ್ತಾಳೆ ತೋಟಾಗಳನ್ನೇ ಅಕ್ಕ ಮತ್ತು ಅವಳ ಗಂಡ ಮನೆಯಲ್ಲಿ ಮತ್ತೆ ತುಂಬುತ್ತಿದ್ದರು. ನಡುಮನೆಯಲ್ಲಿ ಎದುರುಬದುರು ಕೂತು, ಭಾವ ಮದ್ದು ಅಳೆದು ಹಾಕಿದರೆ, ಅಕ್ಕ ಹಳೆ ಲಗ್ನಪತ್ರಿಕೆಯಿಂದ ಕತ್ತರಿಸಿದ ಬಿಲ್ಲೆ ಇಟ್ಟು ಮರದ ಕಡ್ಡಿಯಿಂದ ಅದುಮುತ್ತಿದ್ದಳು. ಆಮೇಲೆ ಸೀಸದ ಚರೆ, ಮತ್ತೊಂದು ಬಿಲ್ಲೆ, ಕೊನೆಗೆ ಬಾಯಿಗೆ ಮೇಣ.

ಮದ್ದು ಬಿಚ್ಚಿದ ಮನೆಯಲ್ಲಿ ಬೆಂಕಿ ಇರಕೂಡದು. ಅವತ್ತು ಅವರ ಒಲೆ ಆರಿಸುತ್ತಿದ್ದರು; ಮೇಣ ಕರಗುವುದು ನಮ್ಮ ಒಲೆಯಲ್ಲಿ. ನಾನು ಸೌಟಿನಲ್ಲಿ ಹಿಡಿದು ಓಡಿದರೆ ಅಕ್ಕ ಹೊಸ್ತಿಲಲ್ಲೇ ಇಸಿದುಕೊಂಡು ಒಳಗೆ ಹೋಗುತ್ತಿದ್ದಳು. ಗಂಡ ಹೆಂಡತಿ ಮಾತೇ ಇಲ್ಲದೆ, ಒಬ್ಬರ ಕೈ ಇನ್ನೊಬ್ಬರಿಗೆ ತಿಳಿದ ಹಾಗೆ... ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ನನ್ನ ಮುಖ ನೋಡುತ್ತಿದ್ದುದು ಸಾರು ಬಡಿಸುವಾಗ ಮಾತ್ರ, ಅದೂ ಉಪ್ಪು ಹೆಚ್ಚಾಗಿದ್ದರೆ.

ಹಟ ಹಿಡಿದೆ. ನಮ್ಮ ತೋಟಾ ನಾವೇ ತುಂಬೋಣ ಎಂದೆ.

"ಅವ್ರೇ ತುಂಬ್ಕೊಡ್ತಾರಲ್ಲೇ, ನಿಂಗ್ಯಾಕೆ ಈ ಉಸಾಬರಿ?" ಎಂದು ಗೊಣಗಿ ಕೊನೆಗೆ ಒಪ್ಪಿದರು. ಅಕ್ಕನ ಮನೆಯಿಂದ ಸಾಮಾನು ಕೇಳಿ ತಂದೆ. ನಮ್ಮ ಒಲೆ ಆರಿಸಿದೆ. ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಕೂತೆ. ಎರಡು ಮೂರು ತೋಟಾ ತುಂಬುವಷ್ಟರಲ್ಲಿ ಇವರಿಗೆ ಬೀಡಿ ಚಪಲ. "ಇಲ್ಲಿ ಕಡ್ಡಿ ಗೀರಂಗಿಲ್ವಲ್ಲ, ಆಚೆ ಸೇದ್ಬತ್ತೀನಿ" ಎಂದು ಹೋದವರು ಅಕ್ಕನ ಜಗಲಿಯಲ್ಲಿ ಭಾವನ ಜೊತೆ ಹರಟೆಗೆ ಕೂತುಬಿಟ್ಟರು.

ಅಷ್ಟರಲ್ಲಿ ಅಕ್ಕ ತನ್ನ ಒಲೆಯಲ್ಲಿ ಮೇಣ ಕರಗಿಸಿಕೊಂಡು ನಮ್ಮ ಹೊಸ್ತಿಲಿಗೆ ಬಂದಳು. ನನ್ನೆದುರಿನ ಖಾಲಿ ಮಣೆ ನೋಡಿದಳು. ಮದ್ದಿನ ಡಬ್ಬಿ ಮುಚ್ಚಿಸಿ, ಒಳಗೆ ಬಂದು ಆ ಮಣೆಯ ಮೇಲೆ ಕೂತಳು. ಉಳಿದದ್ದನ್ನು ನಾವಿಬ್ಬರೇ ಮುಗಿಸಿದೆವು.

"ನಿಮ್ಮೋರಾದ್ರೂ ಎದ್ದೋಗ್ತಾರೆ ಕಣೇ. ನಮ್ಮೋರು ನನ್ನ ಏಳಕ್ಕೇ ಬಿಡಲ್ಲ," ಎಂದಳು.

ಅದನ್ನೂ ದೂರು ಹೇಳುವ ಧಾಟಿಯಲ್ಲಿ! ಮೈಯೆಲ್ಲ ಉರಿದುಹೋಯಿತು. ಆದರೂ ಅಲ್ಲಿಂದ ಮುಂದೆ ನಮ್ಮ ತೋಟಾ ತುಂಬುವಾಗಲೆಲ್ಲ ಎದುರಿನ ಮಣೆಯಲ್ಲಿ ಅವಳೇ ಕೂರುತ್ತಿದ್ದಳು.

ಅಕ್ಕ ತೀರಿಕೊಂಡ ಮೇಲೆ ಭಾವ ಒಂದು ತೋಟಾವನ್ನೂ ತುಂಬಲಿಲ್ಲ. ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದು, ಮಿಕ್ಕಿದ್ದ ಮೇಣದ ಉಂಡೆಯನ್ನು ನನ್ನ ಕೈಗಿಟ್ಟರು. "ಒಲೆ ನಿಮ್ದೇ ಅಲ್ವೇನವ್ವಾ, ಇಟ್ಕೋ" ಎಂದರು. ಸೊಸೆ ಇವತ್ತು ಕರಗಿಸಿದ್ದು ಅದರ ಕೊನೆಯ ಚೂರು.

ಈಗಲೂ ಹೊಟ್ಟೆಕಿಚ್ಚೇ. ಅವಳು ಹೋದಳೆಂದು ಒಬ್ಬರು ಕೋವಿಯನ್ನೇ ಬಿಟ್ಟರು. ನನ್ನವರು ಜಗಲಿಯಲ್ಲಿ ಬೀಡಿ ಸೇದುತ್ತಿದ್ದಾರೆ. ನಾನು ಹೋದ ಮಾರನೆಯ ದಿನವೂ ಸೇದುತ್ತಾರೆ. ಇದನ್ನು ಹೇಳಿಕೊಂಡು ನಗೋಣವೆಂದರೆ... ಎದುರಿನ ಮಣೆಯಲ್ಲಿ ಅಕ್ಕ ಇಲ್ಲ.