ಚಿಕ್ಕಪ್ಪನ ಜೀಪಿನ ತೆರಿಗೆ

ಚಿಕ್ಕಪ್ಪ ತೀರಿಕೊಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಸಂಪಾಜೆಯಿಂದ ಸುಳ್ಯಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದವರು. ಮಕ್ಕಳಿರಲಿಲ್ಲ. ನಾನಾಗ ಸುಳ್ಯದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಕಚೇರಿಯ ಓಡಾಟಕ್ಕೆ ಚಿಕ್ಕಮ್ಮ ನನ್ನನ್ನೇ ಕರೆದರು. ಮನೆಯ ಜಾಗವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ರಸ್ತೆ ಬದಿಯಲ್ಲಿ ಚಹಾದಂಗಡಿ ಹಾಕುವ ಯೋಚನೆ ಅವರದು.

ತಾಲೂಕು ಕಚೇರಿಯ ಗುಮಾಸ್ತರು ಪಹಣಿ ನೋಡಿ, "ಆಗುದಿಲ್ಲ ಟೀಚರೇ, ಜಾಗ ಜಪ್ತಿಯಲ್ಲಿ ಉಂಟು," ಎಂದರು. "ಜೀಪಿನ ತೆರಿಗೆ ಕಟ್ಟಲಿಲ್ಲ. ಬಾಕಿ ತೀರದೆ ಹೆಸರು ಬದಲಾಗುದಿಲ್ಲ."

"ಜೀಪು ಓಡುದೇ ಇಲ್ಲವಲ್ಲ ಸಾರ್! ಅವರು ಹಾಸಿಗೆ ಹಿಡಿದಂದಿನಿಂದ ಅಂಗಳದಲ್ಲೇ ಉಂಟು," ಎಂದರು ಚಿಕ್ಕಮ್ಮ.

"ಓಡಿಸುದಿಲ್ಲ ಅಂತ ಬರೆದು ಕೊಟ್ಟಿದ್ದೀರಾ?"

ಕೊಟ್ಟಿರಲಿಲ್ಲ. ಕೊಡಬೇಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಾರಿಗೆ ಕಚೇರಿಗೆ ಅರ್ಜಿ ಹಾಕಿದೆವು. ಎರಡು ಮೂರು ಸಲ ಅಲೆದ ಮೇಲೆ ಇನ್ಸ್‌ಪೆಕ್ಟರ್ ಒಬ್ಬರು ನೋಡಲು ಬಂದರು. ಟಯರುಗಳು ಮಣ್ಣಲ್ಲಿ ಹೂತಿದ್ದವು, ಹಿಂದಿನ ಸೀಟಿನಲ್ಲಿ ಹೇಂಟೆ ಕಾವಿಗೆ ಕೂತಿತ್ತು. ಅವರು ಬಾನೆಟ್ ಎತ್ತಿ ನೋಡಿ ಏನೋ ಬರೆದುಕೊಂಡರು.

"ನಿಮ್ಮ ಯಜಮಾನರು ಹೋದ ಮೇಲಿನ ತೆರಿಗೆ ಬಿಡಲಿಕ್ಕೆ ಬರೆಯುತ್ತೇನಮ್ಮ. ಅದಕ್ಕಿಂತ ಹಿಂದಿನದ್ದು ಕಟ್ಟಲೇಬೇಕು."

ಕಟ್ಟಬೇಕಾದರೆ ಜೀಪು ಮಾರಬೇಕಿತ್ತು. ಮೊದಲು ಕೇಳಲು ಬಂದವರನ್ನೆಲ್ಲ ಚಿಕ್ಕಮ್ಮ ಹಾಗೇ ಕಳಿಸಿದ್ದರು. ಈ ಸಲ ಒಪ್ಪಿದರು. ಕೇರಳದಿಂದ ಬಂದು ಕಡಬದ ಕಡೆ ರಬ್ಬರ್ ಹಾಕಿದ್ದ ಕ್ರಿಶ್ಚಿಯನ್ ಕೃಷಿಕರೊಬ್ಬರು ಬಂದರು. ಚೌಕಾಸಿ ಹೆಚ್ಚು ನಡೆಯಲಿಲ್ಲ. ಮುಂಗಡ ಕೊಟ್ಟು ಹೊರಟವರು ಸೀಟಿನತ್ತ ನೋಡಿ, "ಮರಿ ಆದ ಮೇಲೆ ಬರ್ತೇನೆ ಚೇಚಿ, ಅವಸರ ಎಂತದೂ ಇಲ್ಲ," ಎಂದರು.

ಆ ಮುಂಗಡದಲ್ಲೇ ಬಾಕಿ ಕಟ್ಟಿದೆವು.

ಲಾರಿಗೆ ಹಗ್ಗ ಕಟ್ಟಿ ಜೀಪನ್ನು ಎಳೆದೊಯ್ದ ದಿನ ಚಿಕ್ಕಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಕರೆದೆ, ಬರಲಿಲ್ಲ. ಅದು ತಿರುವು ದಾಟಿದ ಮೇಲೂ ಒಗೆದದ್ದನ್ನೇ ಮತ್ತೆ ಕಲ್ಲಿಗೆ ಬಡಿಯುತ್ತಿದ್ದರು. ನಾನು ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟೆ.

ಜಪ್ತಿ ತೆಗೆದು ಹೆಸರು ಬದಲಾಗಲು ಮತ್ತೂ ಒಂದು ಮಳೆಗಾಲ ಹಿಡಿಯಿತು. ಅಷ್ಟು ದಿನ ಕಾಯುವ ತಾಳ್ಮೆ ಚಿಕ್ಕಮ್ಮನಿಗಿರಲಿಲ್ಲ. ತೆಂಗಿನ ಮಡಲು ಹೊದೆಸಿ ಅಂಗಡಿ ಶುರುಮಾಡಿಯೇ ಬಿಟ್ಟರು. ಘಾಟಿ ಹತ್ತುವ ಲಾರಿಯವರು ನಿಲ್ಲಿಸತೊಡಗಿದರು. ಶನಿವಾರ ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಗ್ಲಾಸು ತೊಳೆಯುತ್ತಿದ್ದೆ.