ಮಾರಿಕುಪ್ಪಂ ರೈಲಿನಲ್ಲಿ ನೆನೆಸಿದ ಅಕ್ಕಿ

ಬಂಗಾರಪೇಟೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹೊಸದಾಗಿ ಬರುವ ಮಕ್ಕಳಿಗೆ ರಾಧಾಮಣಿ ಮೇಡಂ ಈಗ ಒಂದು ಮಾತು ಹೇಳುತ್ತಾರೆ: "ನಿಮ್ಮ ಪ್ರೋಗ್ರಾಂ ಇಲ್ಲಿ ಓಡಿದ ಮಾತ್ರಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಬಾಗಿಲು ಹಾಕಿಕೊಂಡು ಅಡುಗೆ ಮಾಡಿ ನೋಡಿ." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಾನು ಅಲ್ಲಿ ಓದುವಾಗ ಈ ಮಾತು ಇರಲಿಲ್ಲ. ಅದೇ ಲ್ಯಾಬಿನಲ್ಲಿ ಅವರಿಗೆ ಸಹಾಯಕಿಯಾಗಿ ಸೇರಿದ ವರ್ಷ, ಕೋರಮಂಡಲ್‌ನಲ್ಲಿ ಅದು ಹುಟ್ಟಿದ್ದನ್ನು ಕಣ್ಣಾರೆ ಕಂಡೆ.

ಮೇಡಂ ಹುಟ್ಟಿದ್ದು ಕೋರಮಂಡಲ್‌ನಲ್ಲಿ, ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. ಗಣಿ ಮುಚ್ಚಿದಾಗ ಅವರಿನ್ನೂ ಚಿಕ್ಕ ಹುಡುಗಿ. ಅಪ್ಪನಿಗೆ ಬಂಗಾರಪೇಟೆಯ ಅಕ್ಕಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಮನೆ ಅಲ್ಲಿಗೆ ಬಂತು. ಆದರೂ ಭಾನುವಾರ ಬಂದರೆ ಮೇಡಂ ಮಾರಿಕುಪ್ಪಂ ರೈಲು ಹತ್ತುತ್ತಿದ್ದರು. ಲೈನಿನ ಕೊನೆಯಲ್ಲಿ ಕಾರ್ಮಿಕರು ಕಟ್ಟಿಕೊಂಡ ಒಂದು ವಾಚನಾಲಯ ಉಳಿದಿತ್ತು. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯ ಪುಸ್ತಕಗಳು, ಗೆದ್ದಲು ಹತ್ತಿದ ಬೀರು, ಗೋಡೆಯಲ್ಲಿ ಗಣಿಯ ಹಳೆಯ ಶಿಫ್ಟುಗಳವರ, ಕೆಳಗೆ ಹೆಸರು ಬರೆದ ಗುಂಪು ಫೋಟೊಗಳು. ತಾವು ಅಕ್ಷರ ಕಲಿತ ಜಾಗ ಅದು ಎಂದು ಮೇಡಂ ಒಮ್ಮೆ ಹೇಳಿದ್ದರು. ಎರಡನೆಯ ಸಲ ಹೇಳಲಿಲ್ಲ.

ಆ ಕೋಣೆಯನ್ನು ಗೋದಾಮಿಗೆ ಬಾಡಿಗೆ ಕೊಡುವ ಮಾತು ಬಂದಿತ್ತು. ಕೋಣೆ ನೋಡಿಕೊಳ್ಳುವ ಕಾರ್ಮಿಕ ಸಂಘದ ಹಿರಿಯ ವೆಂಕಟೇಶಪ್ಪ ಖಡಾಖಂಡಿತ ಮಾತಿನ ಮನುಷ್ಯ. "ಓದೋಕೆ ಯಾರು ಬತ್ತಾರಮ್ಮ? ಇಲಿ ಬತ್ತಾವೆ, ಅವೂ ಓದಲ್ಲ, ತಿಂತಾವೆ," ಅಂದಿದ್ದರು. ಮೇಡಂ ಕಾಲಾವಕಾಶ ಬೇಡಿದರು. ಬೇಸಿಗೆಯೆಲ್ಲ ಕೂತು ಪುಸ್ತಕಗಳ ಪುಟಗಳನ್ನೂ ಗೋಡೆಯ ಫೋಟೊಗಳನ್ನೂ ಕಂಪ್ಯೂಟರಿಗೆ ಇಳಿಸಿದರು. ಪುಸ್ತಕದ್ದಾಗಲಿ ಫೋಟೊದಲ್ಲಿರುವವರದಾಗಲಿ, ಮೂರು ಭಾಷೆಯಲ್ಲಿ ಯಾವುದರಲ್ಲಿ ಹೆಸರು ಬರೆದರೂ ಹುಡುಕಿಕೊಡುವ ಒಂದು ವೆಬ್ ಪ್ರೋಗ್ರಾಂ ಮಾಡಿದರು. ಅದನ್ನು ವಾಚನಾಲಯದ ಹಳೆಯ ಕಂಪ್ಯೂಟರಿನಲ್ಲಿ ಕೂರಿಸಿ ಸಂಘದವರ ಮುಂದೆ ತೋರಿಸಬೇಕು. ಓಡಿದರೆ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗದ ಕೈ ಗೋದಾಮಿನವರಿಗೆ. ವೆಂಕಟೇಶಪ್ಪ ಹಾಗೆಂದೇ ಹೇಳಿದ್ದರು.

ಇಂಥ ಪ್ರೋಗ್ರಾಮನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ತಾವೇ ಬರೆಯುವುದಿಲ್ಲ. ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಇರುತ್ತದೆ. ಆ ಚೌಕಟ್ಟಿಗೆ ಎಲ್ಲೆಲ್ಲಿಯದೋ ಜನ ಬರೆದಿಟ್ಟ ಕೋಡಿನ ತುಣುಕುಗಳು ಬೇಕು, ಆ ತುಣುಕುಗಳಿಗೆ ಮತ್ತೆ ಬೇರೆ ತುಣುಕುಗಳು. ಕೋರಮಂಡಲ್‌ನ ಆ ಕೋಣೆಯಲ್ಲಿ ನೆಟ್ ಇಲ್ಲವಾದ್ದರಿಂದ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ, ಪೆನ್ ಡ್ರೈವಿನಲ್ಲಿ ಹಾಕಿಕೊಂಡು ನಾವಿಬ್ಬರೂ ರೈಲು ಹತ್ತಿದೆವು.

ಕೋಣೆ ತುಂಬಿತ್ತು. ಮುಂದಿನ ಬೆಂಚಿನಲ್ಲಿ ಚಿಕ್ಕವೆಂಕಟಮ್ಮ ಕೂತಿದ್ದರು. ಲೈನಿನಲ್ಲಿ ಮೇಡಂ ಮನೆಯೊಂದಿಗೆ ಒಂದೇ ಗೋಡೆ ಹಂಚಿಕೊಂಡಿದ್ದ ಹಳೆಯ ನೆರೆಯವರು. ಮೇಡಂ ಪೆನ್ ಡ್ರೈವ್ ಹಾಕಿ, ಗಂಟು ಬಿಚ್ಚಿ, ಪ್ರೋಗ್ರಾಂ ಶುರು ಮಾಡಿದರು. ಪರದೆಯ ಮೇಲೆ ಕೆಂಪು ಅಕ್ಷರಗಳು ಬಂದವು. ಹೆಸರು ಹುಡುಕಿಕೊಡುವ ಕೋಡಿನ ತುಣುಕೇ ಸಿಗುತ್ತಿಲ್ಲವಂತೆ.

ಕಾರಣ ಅವರಿಗೆ ಆಗಲೇ ಹೊಳೆಯಿತು. ಮುಖ ಸಪ್ಪಗಾಯಿತು. ಆ ತುಣುಕನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ಯಾವತ್ತೋ ಯಾರೋ ಹಾಕಿಟ್ಟಿದ್ದರು. ಪ್ರೋಗ್ರಾಂ ಕರೆದಾಗಲೆಲ್ಲ ಬರುತ್ತಿತ್ತು. ಅದು ತಮ್ಮ ಗಂಟಿನಲ್ಲಿಲ್ಲ ಎಂಬುದು ಗೊತ್ತಾಗಲು ದಾರಿಯೇ ಇರಲಿಲ್ಲ.

"ಸೈನೈಡ್ ಗುಡ್ಡದ ಮೇಲೆ ಸಿಗ್ನಲ್ ಬತ್ತದೆ," ಎಂದರು ಯಾರೋ. ಚಿನ್ನ ಸೋಸಿ ಸುರಿದ ಗಣಿಯ ಬೂದು ಮಣ್ಣಿನ ಆ ದಿಬ್ಬವನ್ನು ಬಿಸಿಲಲ್ಲಿ ಹತ್ತಿ, ತುಣುಕನ್ನು ಫೋನಿಗೆ ಇಳಿಸಿಕೊಂಡು ಬಂದೆವು. ಹಾಕಿದರೆ, ಅದು ಇನ್ನೊಂದನ್ನು ಕೇಳಿತು. ಮತ್ತೆ ಹತ್ತಿದೆವು. ತಂದದ್ದು ಆ ಹಳೆಯ ಕಂಪ್ಯೂಟರಿಗೆ ಹೊಂದಲಿಲ್ಲ.

"ಇದೇನಮ್ಮ, ಒಂದು ತಂದ್ರೆ ಇನ್ನೊಂದು ಕೇಳ್ತೈತೆ? ನನ್ನ ಅಳಿಯನ ತರಾನೇ ಐತಲ್ಲ," ಎಂದರು ವೆಂಕಟೇಶಪ್ಪ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವರು ಎದ್ದು ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದುಕೊಂಡರು. "ಬೇಜಾರ್ ಮಾಡ್ಕಬೇಡ ರಾಧಮ್ಮ. ಮಾತಂದ್ರೆ ಮಾತು."

ಮೇಡಂ ಫೋನಿನ ಮೇಲೆ ಕೂತಿದ್ದ ಬೂದು ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದರು.

"ಯೋವ್ ವೆಂಕಟೇಶಪ್ಪ, ಕೂತ್ಕಳಯ್ಯ," ಎಂದರು ಚಿಕ್ಕವೆಂಕಟಮ್ಮ. "ಇವಳಮ್ಮ ಮುನಿನಾರಾಯಣಮ್ಮ ಬಕೀಟು ಇಡ್ಕೊಂಡು ರೈಲಲ್ಲಿ ಬಂದಿದ್ದು ಮರ್ತೋಯ್ತಾ?"

ವೆಂಕಟೇಶಪ್ಪನ ಮೀಸೆ ಅಲುಗಿತು. "ಅದ್ಯಾರು ಮರೀತಾರೆ!"

ಆ ಕಥೆಯನ್ನು ನಾನು ಕೇಳಿದ್ದು ಆಗ. ಎರಡು ಮನೆಗಳ ಬಾಗಿಲುಗಳ ನಡುವೆ ಜಗಲಿಯ ಮೇಲೆ ಒಂದು ರುಬ್ಬುವ ಕಲ್ಲಿತ್ತು. ಮದುವೆಯಾಗಿ ಬಂದ ದಿನದಿಂದ ಮುನಿನಾರಾಯಣಮ್ಮ ಅದರಲ್ಲೇ ರುಬ್ಬಿದವರು. ಮನೆ ಬಿಡುವಾಗ ಲಾರಿಗೆ ಮಂಚ, ಪಾತ್ರೆ, ಕೋಳಿಬುಟ್ಟಿ, ಕೊನೆಗೆ ಗೋಡೆಯ ಮೊಳೆಗಳನ್ನೂ ಕಿತ್ತು ಹಾಕಿದರು. ಬಂಗಾರಪೇಟೆಯಲ್ಲಿ ದೋಸೆಗೆ ಅಕ್ಕಿ, ಉದ್ದು ನೆನೆಸಿದ ಮೇಲೆ ಕಲ್ಲಿಗಾಗಿ ಹುಡುಕಿದರು. ಆಗ ಹೊಳೆಯಿತು, ಅದು ತಮ್ಮದೇ ಅಲ್ಲ, ಚಿಕ್ಕವೆಂಕಟಮ್ಮನ ಅತ್ತೆ ಬೇತಮಂಗಲದಿಂದ ಗಾಡಿಯಲ್ಲಿ ತಂದ ಕಲ್ಲು. ಹೊಸ ನೆರೆಯವರನ್ನು ಕೇಳಲು ಸಂಕೋಚ. ನೆನೆದ ಅಕ್ಕಿಯನ್ನು ಬಕೆಟ್ಟಿಗೆ ಹಾಕಿ, ಮಗಳ ಕೈ ಹಿಡಿದು ರೈಲು ಹತ್ತಿಬಿಟ್ಟರು.

"ರುಬ್ಕೊಂಡು ಓಗುವಾಗ ಬಿಸ್ಲಿಗೆ ಹಿಟ್ಟು ಉಬ್ಬಿ ಮುಚ್ಚಳ ಎದ್ದೆದ್ದು ಬರ್ತಿತ್ತಂತೆ. ಈ ಮಗು ಕೋರಮಂಡಲಿಂದ ಬಂಗಾರಪೇಟೆಗಂಟ ಮುಚ್ಚಳದ ಮ್ಯಾಲೇ ಕೈ ಒತ್ಕೊಂಡು ಕೂತಿತ್ತಂತೆ," ಎಂದರು ಚಿಕ್ಕವೆಂಕಟಮ್ಮ. "ಅಮ್ಮ ಕಲ್ಲು ಬಿಟ್ಟೋದ್ಲು, ಮಗಳು ಅದೆಂಥದೋ ಬಿಟ್ ಬಂದವ್ಳೆ. ಒಂದ್ ವಾರ ಕೊಡು. ನಿನ್ ಗೋದಾಮೇನು ಓಡೋಗ್ತದಾ?"

ವೆಂಕಟೇಶಪ್ಪ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. "ಬರೋ ಭಾನ್ವಾರ. ಆಮೇಲೆ ಯಾವ ಬಕೀಟಿನ ಕಥೇನೂ ಕೇಳಲ್ಲ."

ಹಿಂತಿರುಗುವ ರೈಲಿನಲ್ಲಿ ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಗಣಿಗೆ ಇಳಿಯುವ ಶಾಫ್ಟಿನ ಗೋಪುರಗಳು ಒಂದೊಂದಾಗಿ ಹಿಂದೆ ಸರಿದವು. ಬಂಗಾರಪೇಟೆ ಹತ್ತಿರ ಬಂದಾಗ ಮಾತಾಡಿದರು. "ಆಮೇಲೆ ನಾವು ತುಂಬ ಬಾಡಿಗೆ ಮನೆ ಬದಲಾಯಿಸಿದೆವು. ಪ್ರತಿ ಸಲ ಸಾಮಾನು ಕಟ್ಟುವ ಮೊದಲು ಅಮ್ಮ ಬಾಗಿಲು ಹಾಕಿಕೊಂಡು ಒಂದು ಹೊತ್ತಿನ ಅಡುಗೆ ಮಾಡೋಳು. ಪಕ್ಕದ ಮನೆಯಿಂದ ಕರಿಬೇವಿನ ಎಸಳನ್ನೂ ತರುವ ಹಾಗಿಲ್ಲ. ಏನು ನಮ್ಮದಲ್ಲ ಅಂತ ಆಗ ಗೊತ್ತಾಗೋದು."

ಮರುದಿನ ಸ್ಟೋರ್‌ರೂಮಿನಿಂದ ವಾಚನಾಲಯದ್ದಷ್ಟೇ ಹಳೆಯ ಕಂಪ್ಯೂಟರ್ ಒಂದನ್ನು ತಂದು, ಅದರಲ್ಲಿದ್ದುದನ್ನೆಲ್ಲ ಅಳಿಸಿದರು. ನೆಟ್ಟಿನ ಕೇಬಲ್ ಕಿತ್ತು ಪಕ್ಕಕ್ಕಿಟ್ಟರು. ಆ ಖಾಲಿ ಯಂತ್ರದಲ್ಲಿ ಗಂಟು ಬಿಚ್ಚಿದರು. ಹೆಸರು ಹುಡುಕುವ ತುಣುಕು ಇಲ್ಲ ಎಂದಿತು, ಹೊಂದುವಂಥದನ್ನು ಬೇರೆ ಕಂಪ್ಯೂಟರಿನಿಂದ ತಂದು ಗಂಟಿಗೆ ಸೇರಿಸಿದರು. ಮತ್ತೆ ಎಲ್ಲ ಅಳಿಸಿ, ಮತ್ತೆ ಬಿಚ್ಚಿದರು. ಈಗ ತಮಿಳು ಅಕ್ಷರಗಳು ಬರೀ ಚೌಕಗಳಾಗಿ ಕಂಡವು. ಅವು ಇಷ್ಟು ದಿನ ನೆಟ್ಟಿನಿಂದ ಬರುತ್ತಿದ್ದವೆಂದು ನಮಗೆ ತಿಳಿದೇ ಇರಲಿಲ್ಲ. ಹೀಗೆ ಇಡೀ ವಾರ. ಒಂದೊಂದು ಸಿಕ್ಕಾಗಲೂ ಮೇಡಂ "ಇದೂ ನಮ್ಮದಲ್ಲವಾ?" ಎಂದು ಮೆಲ್ಲಗೆ ನಗುತ್ತಿದ್ದರು. ಶನಿವಾರ ಯಂತ್ರ ಏನನ್ನೂ ಕೇಳಲಿಲ್ಲ. ಮೂರು ಭಾಷೆಗಳೂ ಸುಮ್ಮನೆ ತೆರೆದುಕೊಂಡವು.

ಭಾನುವಾರ ಮುನಿನಾರಾಯಣಮ್ಮನವರೂ ಜೊತೆಗೆ ಬಂದರು. ವೆಂಕಟೇಶಪ್ಪ ಬಾಗಿಲಲ್ಲೇ, "ಬಕೀಟೆಲ್ಲಮ್ಮ?" ಎಂದರು. "ನಿಮ್ಮನೇಲಿ ಐತೇನೋ ನೋಡಪ್ಪ," ಎಂದು ಅವರು ಒಳಗೆ ನಡೆದರು.

ಮೇಡಂ ಗಂಟು ಬಿಚ್ಚಿದರು. ಪುಟ ತೆರೆಯಿತು. ವೆಂಕಟೇಶಪ್ಪ ತಮ್ಮ ಫೋನು ಎತ್ತಿ, ಸಿಗ್ನಲ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮ ತಂದೆಯ ಹೆಸರು ಹೇಳಿದರು. ಮೇಡಂ ಬರೆದರು. ಒಂದು ಗುಂಪು ಫೋಟೊ ಬಂತು. ಎರಡನೆಯ ಸಾಲಿನಲ್ಲಿ ದೀಪ ಹಿಡಿದು ನಿಂತ ತೆಳ್ಳಗಿನ ಮನುಷ್ಯ. ವೆಂಕಟೇಶಪ್ಪ ಬಹಳ ಹೊತ್ತು ಬಗ್ಗಿ ನೋಡಿದರು. "ನಮ್ಮಪ್ಪ ಇಷ್ಟು ಸಣ್ಣೋನಾ," ಎಂದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಅದರ ಮೊಳೆಗೇ ನೇತುಹಾಕಿದರು.

ಹೊರಡುವ ಮುಂಚೆ ಚಿಕ್ಕವೆಂಕಟಮ್ಮನ ಮನೆಗೆ ಹೋದೆವು. ಕಲ್ಲು ಜಗಲಿಯ ಮೇಲೆ ಅಲ್ಲೇ ಇತ್ತು. ಈಗ ಮಿಕ್ಸಿ ಬಂದಿದೆ. ಕಲ್ಲಿನ ಕುಳಿಯಲ್ಲಿ ಗುಬ್ಬಿಗಳಿಗೆಂದು ಇಟ್ಟ ನೀರು ತಳಕ್ಕಿಳಿದಿತ್ತು. ಮುನಿನಾರಾಯಣಮ್ಮ ಅದರ ಅಂಚಿನ ಮೇಲೆ ಕೈಯಾಡಿಸಿದರು.

"ಇನ್ನಾದ್ರೂ ತಗೊಂಡೋಗೆ," ಎಂದರು ಚಿಕ್ಕವೆಂಕಟಮ್ಮ. "ನಂಗೂ ಬೇಕಾಗಿಲ್ಲ. ಆಟೋ ಕರೆಸ್ತೀನಿ."

"ಬ್ಯಾಡ ಕಣಕ್ಕ, ಇಲ್ಲೇ ಇರ್ಲಿ," ಎಂದರು ಮುನಿನಾರಾಯಣಮ್ಮ. "ಬರೋಕೆ ಏನಾದ್ರೂ ಒಂದು ಬಿಟ್ಟೋಗಿರ್ಬೇಕಲ್ಲ."

ರೈಲಿಗೆ ಹೊತ್ತಾಗುತ್ತಿತ್ತು. ಮೇಡಂ ಕೊಳಾಯಿಯಿಂದ ಒಂದು ಚೊಂಬು ನೀರು ಹಿಡಿದು ಕಲ್ಲಿನ ಕುಳಿಗೆ ಸುರಿದರು.