ಮೆಷಿನಿಗೆ ಹಸಿರು ನೀರು ಹಾಕಿದ ಕಾಕ

ಅವರ ಬಲಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಮೆಷಿನಿನ ಬೆಲ್ಟಿಗೆ ಸಿಕ್ಕಿ ಹೋದದ್ದಂತೆ. ಆ ಬೋಳು ಬೆರಳಿನಿಂದಲೇ ವಾಷಿಂಗ್ ಮೆಷಿನನ್ನು ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಸ್ಕ್ರೂಡ್ರೈವರ್ ತೆಗೆಯುತ್ತಿದ್ದರು. ಕುವೈತಿನ ಜಹ್ರಾದಲ್ಲಿ ರಿಪೇರಿ ಅಂಗಡಿಯಿಟ್ಟಿದ್ದ ಮಂಗಳೂರು ಕಡೆಯ ಬ್ಯಾರಿ. ನಾವೆಲ್ಲ ಕಾಕ ಎನ್ನುತ್ತಿದ್ದೆವು. ಕೆಲಸ ಮುಗಿಯುವವರೆಗೆ ಚಹಾ ಮುಟ್ಟುತ್ತಿರಲಿಲ್ಲ. "ನೀರಿಗೆ ಹೋಗ್ಲಿಕ್ಕೆ ದಾರಿ ಕೊಡಿ ಅಕ್ಕ, ಮತ್ತೆ ಅದು ಜಗಳಕ್ಕೆ ಬರುದಿಲ್ಲ" ಎನ್ನುವುದು ಅವರ ಮಾತು.

ನನ್ನದು ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಎಣ್ಣೆ ಬಾಟಲಿಗೂ ಪೆನ್ನಿನಲ್ಲಿ ಗೆರೆ ಹಾಕಿಡುವವಳು. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದ ಮೇಲಂತೂ ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬುದೇ ಜಪವಾಯಿತು. ಊರಿಗೆ ಹೊರಡುವ ಮೊದಲು ಬಾಡಿಗೆ ಮನೆ ಬಿಟ್ಟು, ಸಾಮಾನನ್ನೆಲ್ಲ ಅದೇ ಕಟ್ಟಡದ ಟೆರೇಸಿನ ತಗಡಿನ ಕೋಣೆಗೆ ಸಾಗಿಸಿದೆವು. ಅದರಲ್ಲಿ ನನ್ನ ಜೀವವಿದ್ದದ್ದು ವಾಷಿಂಗ್ ಮೆಷಿನಿನ ಮೇಲೆ. ಕ್ಲಿನಿಕ್ಕಿನಲ್ಲಿ ದುಡಿದು ನಾನೇ ಕೊಂಡದ್ದು. ಗುಜರಿಯವರು ಸಿಕ್ಕಿದ್ದನ್ನು ಪುಕ್ಕಟೆಗೆ ಹೊಡೆಯಲು ಬಾಗಿಲ ಮುಂದೆ ಸುಳಿಯುತ್ತಿದ್ದ ದಿನಗಳವು.

ಅಂಥ ಹೊತ್ತಿನಲ್ಲಿ ಕಾಕ ಕರೆಯದೆಯೇ ಬಂದರು. ಪೈಪು ಬಿಚ್ಚಿದರು, ಮೆಷಿನನ್ನು ವಾಲಿಸಿ ನೀರು ಬಸಿದರು. ಕೊನೆಗೆ ಹೆಸರಿಲ್ಲದ ಡಬ್ಬಿಯಿಂದ ಹಸಿರು ನೀರಿನಂಥದ್ದನ್ನು ಡ್ರಮ್ಮಿಗೆ ಸುರಿದರು. ಹಾಳು ಮಾಡಿಟ್ಟು ಆಮೇಲೆ ಗುಜರಿ ಬೆಲೆಗೆ ಎತ್ತುವ ಹುನ್ನಾರವೇ?

"ಎಂತ ಕಾಕ ಅದು?"

"ಲಾರಿಯ ರೇಡಿಯೇಟರಿಗೆ ಹಾಕುದು, ನೀರು ಹೆಪ್ಪುಗಟ್ಟದ ಹಾಗೆ. ಮೀನಾ ಅಬ್ದುಲ್ಲಾದ ರಿಫೈನರಿ ಕಡೆಯಿಂದ ತರಿಸಿದೆ. ಪಂಪಿನಲ್ಲಿ ಉಳಿದ ನೀರು ಜನವರಿಯಲ್ಲಿ ಐಸ್ ಆದ್ರೆ ಪಂಪು ಒಡೆದು ಖಲಾಸ್."

"ಈ ಮರಳುಗಾಡಿನಲ್ಲಿ ಐಸಾ?"

"ನೀವು ಇಲ್ಲಿಯ ಚಳಿ ನೋಡಿದ್ದು ಮನೆಯೊಳಗಿಂದ ಅಕ್ಕ. ನಾನು ತಗಡಿನ ಅಡಿಯಲ್ಲಿ ಮಲಗಿದವ."

ನಾನು ನಂಬಲಿಲ್ಲ. ಹೊರಟವರನ್ನು ತಡೆದು, ಚೀಲ ಒಮ್ಮೆ ತೋರಿಸಿ ಎಂದೆ. ಅವರು ಮೆಟ್ಟಿಲ ಮೇಲೆ ಕುಳಿತು ಒಂದೊಂದಾಗಿ ಹೊರಗಿಟ್ಟರು. ಸ್ಪ್ಯಾನರುಗಳು, ಜಪಮಾಲೆ, ಅರ್ಧ ತಿಂದ ಖುಬ್ಬೂಸ್ ರೊಟ್ಟಿ. "ಕೇಳಿದ್ದು ಒಳ್ಳೇದಾಯ್ತು. ಈಗ ಯಾರನ್ನೂ ನಂಬ್ಲಿಕ್ಕಿಲ್ಲ" ಎಂದರು. ಆ ದಿನ ಚಹಾ ಕುಡಿಯದೆ ಹೋದರು.

ತೊಂಬತ್ತೊಂದರ ಕೊನೆಗೆ ಮರಳಿ ಬಂದಾಗ ತಗಡಿನ ಕೋಣೆಗೆ ನಾನು ಹಾಕಿದ್ದ ಪುಟ್ಟ ಬೀಗವಿರಲಿಲ್ಲ. ಅಂಗೈಯಗಲದ ಬೇರೆಯೇ ಬೀಗ ತೂಗುತ್ತಿತ್ತು. ನನಗೆ ಮೊದಲು ನೆನಪಾದವರು ಕಾಕನೇ. ದೋಚಿ, ಜಾಗವನ್ನೂ ಹಿಡಿದುಕೊಂಡಿದ್ದಾರೆ ಎಂದುಕೊಂಡು ಸುತ್ತಿಗೆ ತಂದು ಒಡೆದೆ. ಒಳಗೆ ಟಿವಿ ಇರಲಿಲ್ಲ, ಗ್ಯಾಸ್ ಒಲೆ ಇರಲಿಲ್ಲ. ಮೆಷಿನ್ ಇತ್ತು. ಟೆರೇಸಿನ ನಲ್ಲಿಯ ಪೈಪು ಚಳಿಗೆ ಉದ್ದಕ್ಕೆ ಸೀಳಿತ್ತು. ಮೆಷಿನನ್ನು ಇಳಿಸಿ ಚಾಲೂ ಮಾಡಿದರೆ ಮೊದಲು ಹಸಿರು ನೀರು ಬಂತು, ಆಮೇಲೆ ತಿಳಿನೀರು. ಪಂಪಿಗೆ ಒಂದು ಬಿರುಕೂ ಬಿದ್ದಿರಲಿಲ್ಲ.

ಎರಡು ದಿನ ತಡೆದು, ಕ್ಷಮೆ ಕೇಳಲೆಂದು ಅಂಗಡಿಗೆ ಹೋದೆ. ಅವರ ಜೊತೆ ರೂಮಿನಲ್ಲಿದ್ದ ಊರಿನವರೊಬ್ಬರು ಇದ್ದರು. ಕಾಕ ಆ ಚಳಿಗಾಲದಲ್ಲೇ ಜ್ವರ ಬಂದು ತೀರಿಕೊಂಡಿದ್ದರು.

"ನಿಮ್ಮ ಕೋಣೆಯ ಬೀಗ ಯಾರೋ ಒಡೆದಿದ್ರು ಅಕ್ಕ. ಕಾಕ ಅಂಗಡಿ ಶಟರಿನ ಎರಡು ಬೀಗದಲ್ಲಿ ಒಂದನ್ನು ತೆಗೆದು ಅಲ್ಲಿಗೆ ಹಾಕಿ ಬಂದ್ರು. ಅಕ್ಕನ ಕೈಗೇ ಕೊಡು, ಬೇರೆ ಯಾರಿಗೂ ಬೇಡ ಅಂತ ಹೇಳಿದ್ರು" ಎಂದು ಅವರು ಕೀಲಿಕೈ ಚಾಚಿದರು.

ಆ ಬೀಗವನ್ನು ನಾನು ಆಗಲೇ ಒಡೆದಾಗಿತ್ತು. ಎರಡೂ ಕೈ ಒಡ್ಡಿ ತೆಗೆದುಕೊಂಡೆ.